ಟ್ಯಾಕ್ಸ್‌ನಲ್ಲಿ ಎಲ್‌ಎಲ್‌ಎಂ ಮಾಡಲಾ?

ಕೇಳುಗರಿಗೆ ನಮಸ್ಕಾರ. ಹೋದ ತಿಂಗಳು ದಾವಣಗೆರೆಯ ಹುಡುಗಿಯೊಬ್ಬಳು ತೆರಿಗೆ ಕೇಸು ನೋಡುವ ನಮ್ಮ ಆಫೀಸಿಗೆ ಬಂದಿದ್ದಳು. ಎಲ್‌ಎಲ್‌ಬಿ ಮುಗಿದಿದೆ, ವಕೀಲಿಕೆಯ ಸನ್ನದು ಕೈಯಲ್ಲಿದೆ. "ಸರ್, ಟ್ಯಾಕ್ಸ್‌ನಲ್ಲಿ ಎಲ್‌ಎಲ್‌ಎಂ ಮಾಡಲಾ?" ಅಂದಳು. ಎಲ್‌ಎಲ್‌ಎಂ ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ. "ಮಾಡಿ ಏನಾಗಬೇಕು ಅಂತಿದ್ದೀಯಮ್ಮ?" ಅಂದೆ. "ಹೈಕೋರ್ಟಲ್ಲಿ ವಾದ ಮಾಡಬೇಕು ಸರ್."

ಅದಕ್ಕೆ ಎಲ್‌ಎಲ್‌ಎಂ ಬೇಕಿಲ್ಲ. ಆ ಹಕ್ಕು ಸನ್ನದಿನ ಜೊತೆಗೇ ಬಂದಿರುತ್ತದೆ. ಚಾರ್ಟರ್ಡ್ ಅಕೌಂಟೆಂಟುಗಳು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯವರೆಗೂ ತಾವೇ ವಾದಿಸಬಹುದು. ಹೈಕೋರ್ಟಿಗೆ ಹೋಯಿತೆಂದರೆ ಫೈಲನ್ನು ವಕೀಲರ ಕೈಗೇ ಕೊಡಬೇಕು. ಅಕೌಂಟೆಂಟುಗಳು ಫೈಲು ಕೊಡುವಾಗ ಪದವಿ ಕೇಳುವುದಿಲ್ಲ. ಯಾವ ಸೀನಿಯರ್ ಹತ್ತಿರ ಕೆಲಸ ಕಲಿತಿರಿ ಎಂದು ಕೇಳುತ್ತಾರೆ. ಕಾನೂನು ಕಾಲೇಜಿನಲ್ಲಿ ಪಾಠ ಹೇಳುವ ಆಸೆಯಿದ್ದರೆ ಮಾತು ಬೇರೆ, ಅಲ್ಲಿ ಎಲ್‌ಎಲ್‌ಎಂ ಇಲ್ಲದೆ ನಡೆಯದು. ಅದರ ಮೇಲೆ ನೆಟ್ಟೋ (ಅಧ್ಯಾಪಕರ ಅರ್ಹತಾ ಪರೀಕ್ಷೆ) ಪಿಎಚ್‌ಡಿಯೋ ಆಗಬೇಕು.

ಎಲ್‌ಎಲ್‌ಎಂ ಉಪಯೋಗಕ್ಕೆ ಬರುವ ಇನ್ನೊಂದು ದಾರಿ ಅಂತರರಾಷ್ಟ್ರೀಯ ತೆರಿಗೆ. ಬೆಂಗಳೂರಿಗೆ ಹೊಂದುವ ಉದಾಹರಣೆಯನ್ನೇ ಹೇಳುತ್ತೇನೆ. ಇಲ್ಲಿನ ಕಂಪನಿ ವಿದೇಶದಿಂದ ಸಾಫ್ಟ್‌ವೇರ್ ತರಿಸಿತು. ಕೊಟ್ಟ ಹಣ ಸರಕಿನ ಬೆಲೆಯೋ, ಕಾಪಿರೈಟ್ ಬಳಸಲು ಕೊಟ್ಟ ರಾಯಲ್ಟಿಯೋ? ರಾಯಲ್ಟಿಯಾದರೆ ಟಿಡಿಎಸ್ ಹಿಡಿಯಬೇಕು, ಅಂದರೆ ಹಣ ಕೊಡುವಾಗಲೇ ತೆರಿಗೆ ಮುರಿದುಕೊಳ್ಳಬೇಕು. ರಾಯಲ್ಟಿಯೇ ಎಂದು 2011ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಅಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2021ರ ಮಾರ್ಚ್‌ನಲ್ಲಿ. ಒಂದೇ ಪದದ ಸುತ್ತ ಹತ್ತು ವರ್ಷ! ಇದನ್ನು ಬಿಡಿಸಲು ತೆರಿಗೆ ಕಾಯ್ದೆಯೊಂದೇ ಸಾಲದು. ಕಾಪಿರೈಟ್ ಕಾನೂನು, ದೇಶ ದೇಶಗಳ ನಡುವಿನ ತೆರಿಗೆ ಒಪ್ಪಂದ, ಎಲ್ಲ ಗೊತ್ತಿರಬೇಕು. ರಿಟರ್ನ್ಸು, ನೋಟಿಸು, ವಾಯಿದೆಗಳ ನಡುವೆ ನಮಗೆ ಅಷ್ಟು ಓದಲು ಪುರುಸೊತ್ತೆಲ್ಲಿ? ಆ ಪುರುಸೊತ್ತಿಗೇ ಎಲ್‌ಎಲ್‌ಎಂನ ಒಂದೋ ಎರಡೋ ವರ್ಷ.

ಸೇರುವ ಮುಂಚೆ ಪಠ್ಯಕ್ರಮ ತರಿಸಿ ನೋಡಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯ ದಿನಾಂಕ 2026ರ ಏಪ್ರಿಲ್ 1. ಹಾಗೆಂದು 1961ರದ್ದನ್ನು ಮೂಲೆಗೆ ಹಾಕುವಂತಿಲ್ಲ, ಹಿಂದಿನ ವರ್ಷಗಳ ಕೇಸುಗಳು ಅದರಡಿಯಲ್ಲೇ ನಡೆಯುತ್ತವೆ. ಎರಡನ್ನೂ ಕಲಿಸದ ಕೋರ್ಸಿಗೆ ನಾನಂತೂ ಫೀಸು ಕಟ್ಟುವುದಿಲ್ಲ.

ಆ ಹುಡುಗಿಗೆ 2021ರ ತೀರ್ಪಿನ ಪ್ರತಿ ಕೊಟ್ಟು ಕಳಿಸಿದ್ದೆ. ದಪ್ಪ ಕಟ್ಟು, ವಾಪಸ್ ಬರುತ್ತಾಳೆ ಎಂಬ ನಂಬಿಕೆ ಇರಲಿಲ್ಲ. ವಾರ ಬಿಟ್ಟು ಬಂದಳು. ಅಂಚಿನ ತುಂಬ ಪೆನ್ಸಿಲ್ ಗೀಟು. "ಸರ್, ಕೊಂಡವನು ಕಾಪಿ ಮಾಡಿ ಮಾರೋ ಹಾಗಿಲ್ಲ ಅಂದ್ಮೇಲೆ, ಅವನಿಗೆ ಸಿಕ್ಕಿದ್ದು ಕಾಪಿರೈಟಾ, ಬರೀ ಸಿಡಿಯಾ?"

ಅರ್ಜಿ ಹಾಕಮ್ಮ ಅಂದೆ. ಕೋರ್ಸು ಶುರುವಾಗುವವರೆಗೆ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಆಫೀಸಿಗೂ ಬಾ ಎಂದೆ.