ಪುಟ ತಿರುಗಿಸುವ ಮುಂಚಿನ ಆ ಒಂದು ಕ್ಷಣ: ಜಪಾನಿನ ಕತ್ತಲ ಕಾಮಿಕ್ಸ್

[ಸ್ಕ್ರೀನ್ ಮೇಲೆ: ಪೂರ್ತಿ ಕಪ್ಪು. ನಿಧಾನಕ್ಕೆ ಒಂದು ಬಂಡೆ ಕಾಣುತ್ತದೆ.]

ಭೂಕಂಪ ಆಗಿ ಒಂದು ಬೆಟ್ಟ ಸೀಳಿದೆ. ಸೀಳಿದ ಬಂಡೆಯ ಮೈ ತುಂಬಾ ತೂತುಗಳು. ಒಂದೊಂದೂ ಮನುಷ್ಯನ ಆಕಾರ: ತಲೆ, ಭುಜ, ಕೈ, ಕಾಲು, ಅಚ್ಚು ತೆಗೆದ ಹಾಗೆ. ಟಿವಿಯಲ್ಲಿ ಅದನ್ನು ನೋಡಿದವರು ಎಲ್ಲೆಲ್ಲಿಂದಲೋ ಬರುತ್ತಾರೆ, ಯಾಕೆಂದರೆ ಅಲ್ಲಿರುವ ಒಂದು ತೂತು ತನಗಾಗಿಯೇ ಕೊರೆದದ್ದು ಅಂತ ಒಬ್ಬೊಬ್ಬರಿಗೂ ಅನಿಸಿಬಿಟ್ಟಿದೆ. ಬಟ್ಟೆ ಬಿಚ್ಚಿ ಒಳಗೆ ಕಾಲಿಡುತ್ತಾರೆ. ಸರಿಯಾಗಿ ಹಿಡಿಸುತ್ತದೆ. ಮುಂದಕ್ಕೆ ಹೋಗಬಹುದು, ಹಿಂದಕ್ಕೆ ಆಗುವುದಿಲ್ಲ.

ಇದು ಜಪಾನಿನ ಕಾಮಿಕ್ಸ್ ಕಲಾವಿದ ಜುಂಜಿ ಇಟೊ ಬರೆದ ಅಮಿಗಾರ ಬೆಟ್ಟದ ಬಿರುಕಿನ ಕಥೆ. ಮೂವತ್ತು ಚಿಲ್ಲರೆ ಪುಟ, ಅಷ್ಟೇ. ದೆವ್ವ ಇಲ್ಲ, ಕೊಲೆಗಾರ ಇಲ್ಲ, ಯಾರೂ ಯಾರನ್ನೂ ತಳ್ಳುವುದಿಲ್ಲ. ತಾವಾಗಿಯೇ ಹೋಗುತ್ತಾರೆ. ನನಗೆ ನಿದ್ದೆ ಬಾರದ ಹಾಗೆ ಮಾಡಿದ್ದು ಅದೇ.

ಇವತ್ತು ಮಾತಾಡೋಣ ಅಂತಿರುವುದು ಇಂಥ ಚಿಕ್ಕ ಕಥೆಗಳ ಬಗ್ಗೆ. ಇವು ದೊಡ್ಡವರಿಗೆ ಬರೆದವು, ಮಕ್ಕಳ ಕೈಗೆ ಕೊಡಬೇಡಿ.

[ಸ್ಕ್ರೀನ್ ಮೇಲೆ: ತೆರೆದ ಜಪಾನಿ ಪುಸ್ತಕ. ಬಲದಿಂದ ಎಡಕ್ಕೆ ಬಾಣದ ಗುರುತು.]

ಮೊದಲು ಒಂದು ಸಣ್ಣ ವಿಷಯ, ಆದರೆ ಎಲ್ಲಾ ನಿಂತಿರುವುದು ಇದರ ಮೇಲೇ. ಜಪಾನಿ ಪುಸ್ತಕವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಹಾಗಾಗಿ ಎಡ ಪುಟದ ಕೆಳಗಿನ ಮೂಲೆಗೆ ಬಂದಾಗ ಎದುರಿಗಿರುವುದು ಮುಗಿಯಿತು, ಇನ್ನು ಹಾಳೆ ತಿರುಗಿಸಲೇಬೇಕು. ಇಟೊ ಆ ಮೂಲೆಯಲ್ಲಿ ಸುಮ್ನೆ ಒಂದು ಮುಖ ಬರೆಯುತ್ತಾರೆ: ಕಣ್ಣು ದೊಡ್ಡದಾಗಿದೆ, ಏನನ್ನೋ ನೋಡುತ್ತಿದೆ. ಏನನ್ನು ಅಂತ ತೋರಿಸುವುದಿಲ್ಲ. ಅದು ಹಾಳೆಯ ಆಚೆ ಇದೆ. ಸಿನಿಮಾದಲ್ಲಾದರೆ ಭಯ ತಾನಾಗಿ ಬಂದು ಎರಗುತ್ತದೆ, ನೀವು ಕಣ್ಣು ಮುಚ್ಚಿಕೊಳ್ಳಬಹುದು. ಇಲ್ಲಿ ಹಾಳೆ ತಿರುಗಿಸುವ ಕೈ ನಿಮ್ಮದೇ, ಅಲ್ವಾ? ಬಂಡೆಯೊಳಗೆ ಹೋಗುವ ಆ ಜನರ ಹಾಗೆ ನೀವೂ ನಿಮ್ಮಷ್ಟಕ್ಕೆ ನೀವೇ ಒಳಗೆ ಕಾಲಿಡುತ್ತೀರಿ.

ಇಟೊ ಹುಟ್ಟಿದ್ದು 1963ರಲ್ಲಿ, ಗಿಫು ಪ್ರಾಂತ್ಯದಲ್ಲಿ. ಮೊದಲು ಡೆಂಟಲ್ ಟೆಕ್ನಿಷಿಯನ್ ಆಗಿದ್ದರು. 1987ರಲ್ಲಿ ಮೊದಲ ಕಥೆ 'ತೊಮಿಯೆ' ಬಂತು. ಅವರ ಗೆರೆ ನೋಡಿ, ಒಂದೊಂದು ಕೂದಲೂ ಬೇರೆ ಬೇರೆ. ಸೂಕ್ಷ್ಮ ಕೆಲಸ ಮಾಡಿ ಪಳಗಿದ ಕೈ ಅದು ಅಂತ ನನಗನಿಸುತ್ತದೆ.

[ಸ್ಕ್ರೀನ್ ಮೇಲೆ: 1957]

ಆದರೆ ಈ ದಾರಿ ಇಟೊಗಿಂತ ಹಳೆಯದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಬಾಡಿಗೆ ಪುಸ್ತಕದ ಅಂಗಡಿಗಳು ತುಂಬಾ ಇದ್ದವು. ಪುಸ್ತಕ ಕೊಳ್ಳಲು ದುಡ್ಡಿಲ್ಲದವರು, ಕಾರ್ಖಾನೆಯ ಹುಡುಗರು, ಪುಡಿಗಾಸು ಕೊಟ್ಟು ಕಾಮಿಕ್ಸ್ ಬಾಡಿಗೆಗೆ ಒಯ್ಯುತ್ತಿದ್ದರು. ಅವರಿಗಾಗಿ ಬರೆಯುತ್ತಿದ್ದ ಯೊಶಿಹಿರೊ ತತ್ಸುಮಿ 1957ರಲ್ಲಿ ತಮ್ಮ ಕೆಲಸಕ್ಕೆ 'ಗೆಕಿಗಾ' ಅಂತ ಹೆಸರಿಟ್ಟರು. ನಾಟಕೀಯ ಚಿತ್ರಗಳು ಅನ್ನುವ ಅರ್ಥ. ನಗಿಸುವ ಚಿತ್ರಗಳಲ್ಲ ಇವು ಅಂತ ಹೇಳುವುದಕ್ಕೆ.

ನನಗೆ ಇಟೊಗಿಂತ ಜಾಸ್ತಿ ಕಾಡುವವರು ತತ್ಸುಮಿ. ಅವರ ಒಂದು ಕಥೆಯಲ್ಲಿ ಒಬ್ಬ ಹುಡುಗನಿಗೆ ರೈಲ್ವೆ ಸ್ಟೇಷನ್ನಿನಲ್ಲಿ ಜನರನ್ನು ಬೋಗಿಯೊಳಗೆ ತುರುಕುವ ಕೆಲಸ. ಕೊನೆಗೆ ಆ ಜನಜಂಗುಳಿ ಅವನನ್ನೇ ಒಳಗೆ ತಳ್ಳಿಬಿಡುತ್ತದೆ. ಇನ್ನೊಂದರ ಹೆಸರು 'ನರಕ'. (ಕಥೆಯ ಗುಟ್ಟು ಈಗಲೇ ಬೇಡ ಅನ್ನುವವರು ಸ್ವಲ್ಪ ಮುಂದಕ್ಕೆ ಓಡಿಸಿ.) ಬಾಂಬ್ ಬಿದ್ದ ಹಿರೋಶಿಮಾದಲ್ಲಿ ಒಬ್ಬ ಫೋಟೋಗ್ರಾಫರ್‌ಗೆ ಗೋಡೆ ಮೇಲೆ ಸುಟ್ಟು ಅಚ್ಚಾದ ಎರಡು ನೆರಳು ಸಿಗುತ್ತವೆ: ಅಮ್ಮನ ಭುಜ ಒತ್ತುತ್ತಿರುವ ಮಗ. ಆ ಫೋಟೋ ಶಾಂತಿಯ ಗುರುತಾಗಿ ದೇಶವೆಲ್ಲ ಹೆಸರು ಮಾಡುತ್ತದೆ. ವರ್ಷಗಳಾದ ಮೇಲೆ ಗೊತ್ತಾಗುತ್ತದೆ, ಆ ಕೈಗಳು ಭುಜ ಒತ್ತುತ್ತಿರಲಿಲ್ಲ, ಕುತ್ತಿಗೆ ಹಿಸುಕುತ್ತಿದ್ದವು. ಕಥೆ ಕಲ್ಪನೆಯದು, ಆದರೆ ಕಲ್ಲಿನ ಮೇಲೆ ಉಳಿದ ನೆರಳು ನಿಜ. ಬ್ಯಾಂಕಿನ ಮೆಟ್ಟಿಲ ಮೇಲೆ ಕೂತಿದ್ದ ಒಬ್ಬರ ನೆರಳು ಹಿರೋಶಿಮಾ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಇದೆ. ಅದು ಗೊತ್ತಿದ್ದು ಈ ಕಥೆ ಓದಿದರೆ ಕರುಳು ಹಿಂಡಿದ ಹಾಗಾಗುತ್ತದೆ.

1964ರಲ್ಲಿ 'ಗಾರೊ' ಅನ್ನುವ ಕಾಮಿಕ್ಸ್ ಪತ್ರಿಕೆ ಶುರುವಾಯಿತು. 1968ರಲ್ಲಿ ಯೊಶಿಹರು ತ್ಸುಗೆ ಅನ್ನುವ ಕಲಾವಿದರು ಅದರಲ್ಲಿ 'ನೆಜಿಶಿಕಿ' ಅನ್ನುವ ಕಥೆ ಬರೆದರು. ಲೋಳೆಮೀನು ಕಚ್ಚಿ ಒಬ್ಬನ ತೋಳಿನ ರಕ್ತನಾಳ ಹರಿದಿದೆ. ಅದನ್ನು ಕೈಯಲ್ಲಿ ಅದುಮಿ ಹಿಡಿದು ಊರೆಲ್ಲಾ ಡಾಕ್ಟರನ್ನು ಹುಡುಕುತ್ತಾನೆ. ಎಲ್ಲಿ ನೋಡಿದರೂ ಬರೀ ಕಣ್ಣಿನ ಡಾಕ್ಟರ್ ಬೋರ್ಡು. ಕೆಟ್ಟ ಕನಸಿನಲ್ಲಿ ಓಡಲು ಆಗುವುದಿಲ್ಲವಲ್ಲ, ಅದೇ ಥರ. ಕೊನೆಗೆ ಯಾವ ವಿವರಣೆಯೂ ಸಿಗುವುದಿಲ್ಲ.

[ಸ್ಕ್ರೀನ್ ಮೇಲೆ: ಕೈಯಲ್ಲಿ ಪುಸ್ತಕ, ಎಡ ಪುಟದ ಕೆಳಮೂಲೆ.]

ಓದುವುದಾದರೆ ಒಂದು ಮಾತು. ಫೋನಿನಲ್ಲಿ ಮೇಲಿಂದ ಕೆಳಗೆ ಉಜ್ಜುತ್ತಾ ಓದಬೇಡಿ. ಮುಂದಿನ ಚಿತ್ರದ ತುದಿ ಮೊದಲೇ ಇಣುಕಿದರೆ ಹಾಳೆಯ ಆಚೆ ಬಚ್ಚಿಟ್ಟದ್ದೆಲ್ಲಾ ಹಾಳು. ಕಾಗದದ ಪುಸ್ತಕ ಸಿಕ್ಕರೆ ಬಹಳ ಒಳ್ಳೆಯದು, ಇಲ್ಲದಿದ್ದರೆ ಟ್ಯಾಬಿನಲ್ಲಿ ಎರಡೆರಡು ಪುಟ ಒಟ್ಟಿಗೆ ತೆರೆದುಕೊಳ್ಳಿ. ಅಮಿಗಾರದಿಂದ ಶುರು ಮಾಡಿ. ಕೊನೆಯ ಹಾಳೆಗೆ ಮುಂಚೆ, ಬೆಟ್ಟದ ಆಚೆ ಮಗ್ಗುಲಲ್ಲಿ ಯಾರೋ ಟಾರ್ಚ್ ಹಿಡಿದು ಒಂದು ತೂತಿನೊಳಗೆ ನೋಡುತ್ತಾರೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಆಮೇಲೆ ತಿರುಗಿಸಿ.