ಗೋಕರ್ಣದಲ್ಲಿ ಒಂದು ರಾತ್ರಿ: ಕಡಲು ಓಕೆ, ರೂಮು ಯಾಕೆ ಹೀಗೆ?

ಇದು ಕುಡ್ಲೆ ಬೀಚ್, ಬೆಳಿಗ್ಗೆ ಎಂಟರ ಹೊತ್ತು. ಮರಳ ಮೇಲೆ ನಾಲ್ಕು ನಾಯಿ, ಒಂದಿಬ್ಬರು ಯೋಗ ಮಾಡೋರು, ಅಷ್ಟೇ ಜನ. ಈಗ ಮುಂದಿನ ಶಾಟ್ ನೋಡಿ. ರೂಮಿನ ಗೋಡೆ, ಬಣ್ಣ ಉಬ್ಬಿ ಹಪ್ಪಳ ಆಗಿದೆ. ಬೀಚ್ ಬಗ್ಗೆ ವಿಡಿಯೋ ಬೇಕಾದಷ್ಟಿವೆ, ಈ ವ್ಲಾಗ್ ಜಾಸ್ತಿ ಈ ಗೋಡೆ ಬಗ್ಗೆ.

ಮೊದಲು ದಾರಿ. ಬೆಂಗಳೂರಿಂದ ಸಂಜೆ ಹೊರಡೋ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಗೋಕರ್ಣ ರೋಡ್ ಸ್ಟೇಷನ್‌ಗೆ ತಂದು ಬಿಡುತ್ತೆ. ಅಲ್ಲಿಂದ ಊರಿಗೆ ಇನ್ನೂ ಹತ್ತು ಕಿಲೋಮೀಟರ್ ಹತ್ತಿರ ಇದೆ, ಆಟೋ ಹಿಡೀಬೇಕು. ಅರ್ಧ ಜನಕ್ಕೆ ಬೇಜಾರು ಶುರುವಾಗೋದೇ ಇಲ್ಲಿ. ನೀವು ಬಂದಿರೋದು ಬೆಳಿಗ್ಗೆ, ಚೆಕ್-ಇನ್ ಮಧ್ಯಾಹ್ನ ಹನ್ನೆರಡೋ ಒಂದೋ. ಹಿಂದಿನ ದಿನವೇ ‘ಬೇಗ ಬಂದ್ರೆ ರೂಮ್ ಸಿಗುತ್ತಾ, ಇಲ್ಲಾಂದ್ರೆ ಬ್ಯಾಗ್ ಇಡಬಹುದಾ’ ಅಂತ ವಾಟ್ಸಾಪಲ್ಲಿ ಕೇಳಿ, ಉತ್ತರ ಬರಹದಲ್ಲೇ ಇರಲಿ. ಮಹಾಬಲೇಶ್ವರ ದೇವಸ್ಥಾನ ನೋಡೋದಿದ್ರೆ ಈ ಗ್ಯಾಪಲ್ಲೇ ಮುಗಿಸಿ. ಗಂಡಸರು ಶರ್ಟು ಬಿಚ್ಚಿ ಹೋಗಬೇಕು, ಪಂಚೆ ಬ್ಯಾಗಿನ ಮೇಲ್ಗಡೆಯೇ ಇಟ್ಕೊಳ್ಳಿ.

ಇನ್ನು ಬುಕಿಂಗ್. ‘ಸೀ ವ್ಯೂ’ ಅಂದ್ರೆ ಎಲ್ಲೋ ಒಂದು ಮೂಲೆಯಿಂದ ಸಮುದ್ರ ಕಾಣುತ್ತೆ ಅಂತ. ಅದು ಬಾತ್‌ರೂಮಿನ ವೆಂಟಿಲೇಟರ್ ಆಗಿದ್ರೂ ಆಶ್ಚರ್ಯ ಇಲ್ಲ. ‘ಬೀಚ್ ಹಟ್’ ಅಂದಾಗ ಬಾತ್‌ರೂಮ್ ಒಳಗಿದೆಯೋ, ಹೊರಗೆ ಎಲ್ಲರಿಗೂ ಸೇರಿಯೋ ಕೇಳಿ. ಕುಡ್ಲೆಯಲ್ಲಿ ಗಾಡಿ ಮರಳಿನವರೆಗೆ ಹೋಗಲ್ಲ, ಮೇಲೆ ಇಳಿದು ಮೆಟ್ಟಿಲಲ್ಲಿ ಕೆಳಗೆ ಹೋಗಬೇಕು. ಚಕ್ರದ ಸೂಟ್‌ಕೇಸ್ ಅಲ್ಲಿ ಬರೀ ಭಾರ. ಇಬ್ಬರೇ ಹೋಗ್ತಿದ್ರೆ ಎರಡು ಬೇರೆ ಮಂಚವೋ, ಒಂದೇ ಡಬಲ್ ಮಂಚವೋ ಅನ್ನೋದನ್ನೂ ಮೊದಲೇ ಹೇಳಿ. ಹೋಟೆಲಿನವರು ಹಾಕಿರೋ ಫೋಟೋ ಬಿಡಿ, ಅದು ವೈಡ್ ಲೆನ್ಸು. ಗೂಗಲ್ ಮ್ಯಾಪ್ಸ್ ರಿವ್ಯೂನಲ್ಲಿ ‘ಹೊಸದು ಮೊದಲು’ ಅಂತ ಹಾಕಿ, ಉಳಿದುಕೊಂಡೋರು ತೆಗೆದ ಫೋಟೋ ಮಾತ್ರ ನೋಡಿ. ಅಕ್ಟೋಬರ್‌ನಲ್ಲಿ ಹೋಗ್ತಿದ್ರೆ ಇದು ಇನ್ನೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ಮುಚ್ಚಿದ ರೂಮುಗಳು ಆಗಷ್ಟೇ ಬಾಗಿಲು ತೆಗೆದಿರ್ತವೆ. ಗಾರೆಯಲ್ಲಿ ಸೇರಿದ ಉಪ್ಪು ಗಾಳಿಯ ತೇವ ಎಳೆದುಕೊಳ್ತಾನೇ ಇರುತ್ತೆ, ಅದಕ್ಕೇ ಆ ಗೋಡೆಗೆ ಎಷ್ಟು ಸಲ ಬಣ್ಣ ಬಳಿದ್ರೂ ನಿಲ್ಲಲ್ಲ.

ಸಾಧ್ಯವಾದ್ರೆ ‘ಹೋಟೆಲಲ್ಲೇ ದುಡ್ಡು ಕೊಡ್ತೀವಿ’ ಅನ್ನೋ ಆಪ್ಷನ್ ತಗೊಳ್ಳಿ. ದುಡ್ಡು ನಿಮ್ಮ ಕೈಲಿದ್ರೆ ನಿಮ್ಮ ಮಾತಿಗೆ ತೂಕ ಜಾಸ್ತಿ.

ಕೀ ಕೈಗೆ ಬಂತು. ಬ್ಯಾಗನ್ನ ಮಂಚದ ಮೇಲೆ ಇಡಬೇಡಿ. ಬಾತ್‌ರೂಮಿಗೆ ಹೋಗಿ ಗೀಸರ್ ಆನ್ ಮಾಡಿ, ಎಸಿ 24ಕ್ಕೆ ಹಾಕಿ. ಎರಡಕ್ಕೂ ಟೈಮ್ ಬೇಕು, ಅಷ್ಟರಲ್ಲಿ ಬಾಕಿದು ನೋಡೋಣ.

ಫೋನ್ ಟಾರ್ಚ್ ಹಚ್ಚಿ ಹಾಸಿಗೆಯ ಮೂಲೆಯ ಹೊಲಿಗೆಯ ಮಡಿಕೆ ಅಗಲಿಸಿ ನೋಡಿ. ಹೀಗೆ, ಬೆಡ್‌ಶೀಟ್ ಪೂರ್ತಿ ಎತ್ತಿ. ಹೊಲಿಗೆಯ ಮಡಿಕೆಯಲ್ಲಿ ಸಣ್ಣ ಕಪ್ಪು ಚುಕ್ಕೆಗಳು ಸಾಲಾಗಿದ್ರೆ ಅದು ತಿಗಣೆಯ ಹಿಕ್ಕೆ. ಮಂಚದ ತಲೆಹಲಗೆ ಹಿಂದೆಯೂ ಟಾರ್ಚ್ ಬಿಡಿ. ಸಿಕ್ಕಿದ್ರೆ ಪಕ್ಕದ ರೂಮ್ ಒಪ್ಕೋಬೇಡಿ, ಗೋಡೆಯ ಬಿರುಕು, ವೈರಿನ ಪೈಪಲ್ಲಿ ಅವು ಆಚೆ ಈಚೆ ಓಡಾಡ್ತವೆ. ಬೇರೆ ಫ್ಲೋರ್ ಕೇಳಿ. ಬಾಗಿಲ ಒಳಚಿಲಕ ಸರಿಯಾಗಿ ಕೂರುತ್ತಾ, ಸೊಳ್ಳೆಪರದೆ ಹರಿದಿದೆಯಾ ಅನ್ನೋದಕ್ಕೆ ಒಂದು ನಿಮಿಷ ಸಾಕು.

ಬಾತ್‌ರೂಮ್ ವಾಸನೆ ಬಂದ ತಕ್ಷಣ ಜಗಳಕ್ಕೆ ಹೋಗಬೇಡಿ. ನೆಲದ ಜಾಲರಿ ಕೆಳಗಿನ ಟ್ರ್ಯಾಪಲ್ಲಿ, ಅಂದ್ರೆ ಪೈಪಿನ ತಗ್ಗಲ್ಲಿ, ನೀರು ನಿಂತಿರಬೇಕು, ಅದೇ ಗಟಾರದ ಗಾಳಿನ ತಡೆಯೋದು. ರೂಮು ತುಂಬಾ ದಿನ ಖಾಲಿ ಇದ್ರೆ ಅದು ಒಣಗುತ್ತೆ. ಎರಡು ಮಗ್ ನೀರು ಹಾಕಿ, ಫ್ಯಾನ್ ಬಿಟ್ಟು ಐದು ನಿಮಿಷ ನೋಡಿ. ಹೋಯ್ತಾ, ಸರಿ. ಹೋಗಲಿಲ್ವಾ, ಪೈಪಲ್ಲೇ ತೊಂದರೆ, ರೂಮ್ ಬದಲಾಯಿಸೋದೇ ದಾರಿ.

ಈಗ ಗೀಸರ್ ಕಡೆ ಬನ್ನಿ. ಹದಿನೈದು ಲೀಟರಿನದು, ಎರಡು ಸಾವಿರ ವ್ಯಾಟ್‌ದು ಆದ್ರೆ ಹೆಚ್ಚುಕಮ್ಮಿ ಕಾಲು ಗಂಟೆಯಲ್ಲಿ ನೀರು ಕಾಯಬೇಕು. ಮೂರು ಲೀಟರಿನ ಪುಟ್ಟ ಗೀಸರ್ ಇದ್ರೆ ಶವರ್ ಮರೆತುಬಿಡಿ. ನಲ್ಲಿ ಸಣ್ಣಗೆ ಬಿಟ್ಟು ಬಕೆಟ್ ತುಂಬಿಸ್ಕೊಳ್ಳಿ, ಮೈಗಂಟಿದ ಉಪ್ಪು ಹೋಗೋಕೆ ಇಬ್ಬರಿಗೆ ಎರಡು ಬಕೆಟ್ ಬೇಕೇ ಬೇಕು. ಸೋಪು ನೊರೆನೇ ಬರ್ತಿಲ್ಲ ಅಂದ್ರೆ ಗಡಸು ನೀರು. ಅದಕ್ಕೆ ಮ್ಯಾನೇಜರ್ ಏನೂ ಮಾಡೋಕಾಗಲ್ಲ.

ಎಸಿ ಕಡೆಯಿಂದ ನೀರು ತೊಟ್ಟಿಕ್ಕುತ್ತಿದ್ರೆ ಸಾಮಾನ್ಯವಾಗಿ ಫಿಲ್ಟರಲ್ಲಿ ಕೊಳೆ ಇರುತ್ತೆ, ಇಲ್ಲಾ ನೀರು ಹೋಗೋ ಪೈಪ್ ಕಟ್ಟಿರುತ್ತೆ. ಅದನ್ನ ರೂಮ್ ಬಾಯ್ ಹತ್ತು ನಿಮಿಷದಲ್ಲಿ ಸರಿ ಮಾಡಬಹುದು. ಆದ್ರೆ ಬರೀ ಗಾಳಿ ಬರ್ತಿದೆ, ತಂಪೇ ಇಲ್ಲ ಅಂದ್ರೆ ಉಪ್ಪುಗಾಳಿಗೆ ಕಾಯಿಲ್ (ಗ್ಯಾಸ್ ಹರಿಯೋ ಸುರುಳಿ ಪೈಪು) ತಿಂದುಹೋಗಿ ಗ್ಯಾಸ್ ಲೀಕ್ ಆಗಿರೋ ಸಾಧ್ಯತೆ ಜಾಸ್ತಿ. ‘ಸಂಜೆ ಗ್ಯಾಸ್ ಹಾಕಿಸ್ತೀವಿ ಸರ್’ ಅಂದ್ರೆ ಈ ರಾತ್ರಿಗೆ ಅದು ಆಗಲ್ಲ ಅಂತಲೇ ತಿಳ್ಕೊಳ್ಳಿ. ಕರೆಂಟ್ ಹೋದಾಗ ಜನರೇಟರ್ ಇದೆಯಾ, ಬರೀ ಇನ್ವರ್ಟರಾ ಅಂತಲೂ ಕೇಳಿ. ಇನ್ವರ್ಟರಲ್ಲಿ ಸಾಮಾನ್ಯವಾಗಿ ಫ್ಯಾನು, ಲೈಟು ಮಾತ್ರ.

ಏನೇ ಸಿಕ್ಕಿದ್ರೂ ಮೂವತ್ತು ಸೆಕೆಂಡಿನ ವಿಡಿಯೋ ತಗೊಂಡು ಇಬ್ಬರೂ ಕೌಂಟರಿಗೆ ಹೋಗಿ. ಮೊದಲು ರೀಫಂಡ್ ಮಾತೆತ್ತಬೇಡಿ. ‘ಅಣ್ಣಾ, ಎಸಿ ತಂಪಾಗ್ತಿಲ್ಲ, ಬೇರೆ ರೂಮ್ ಕೊಡ್ತೀರಾ? ನೋಡ್ಕೊಂಡು ಬರ್ತೀವಿ’ ಅಷ್ಟು ಸಾಕು. ‘ಅಡ್ಡಿಲ್ಲ, ನೋಡುವಾ’ ಅಂತ ಬಂದ್ರೆ ಅಲ್ಲೇ ನಿಂತಿರಿ, ಬೀಚಿಗೆ ಹೋಗಿಬಿಟ್ರೆ ಆ ‘ನೋಡುವಾ’ ನಾಳೆವರೆಗೆ ಹೋಗುತ್ತೆ. ಆ್ಯಪಲ್ಲಿ ದುಡ್ಡು ಕಟ್ಟಿದ್ರೆ ಕೌಂಟರಿಂದಲೇ ಕಸ್ಟಮರ್ ಕೇರಿಗೆ ಫೋನ್ ಹಚ್ಚಿ ದೂರಿನ ನಂಬರ್ ಬರೆದುಕೊಳ್ಳಿ. ರಾತ್ರಿ ಮಲಗಿ ಎದ್ದು ದೂರು ಕೊಟ್ರೆ ‘ಉಳ್ಕೊಂಡ್ರಲ್ಲ’ ಅಂತಾರೆ. ಎಲ್ಲೂ ಆಗಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬಿಲ್ಲನ್ನೂ ಓದಿ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 5, ಹಳೇ ಶೇ 12 ಹಾಕಿದ್ರೆ ಕೇಳಿ.

ರೂಮ್ ಕತೆ ಮುಗೀತು, ನೀರಿಗೆ ಹೋಗೋಣ. ಕುಡ್ಲೆಯಿಂದ ಗುಡ್ಡದ ಕಾಲುದಾರಿ ಹಿಡಿದ್ರೆ ಓಂ ಬೀಚ್, ಅದರಾಚೆ ಹಾಫ್ ಮೂನ್, ಆಮೇಲೆ ಪ್ಯಾರಡೈಸ್. ಇರೋದು ಒಂದೇ ರಾತ್ರಿ, ನಾಲ್ಕನ್ನೂ ಮುಗಿಸೋ ಹಟ ಬೇಡ. ಕುಡ್ಲೆ, ಓಂ ಸಾಕು. ಮುಂದಕ್ಕೆ ಹೋದ್ರೂ ಬೆಳಕಿರುವಾಗಲೇ ವಾಪಸ್ ಹೊರಡಿ, ದಾರಿಯಲ್ಲಿ ದೀಪ ಇಲ್ಲ.

ಈ ಶಾಟ್ ಸ್ವಲ್ಪ ನಿಧಾನಕ್ಕೆ ನೋಡಿ. ಎರಡೂ ಕಡೆ ಬಿಳಿ ನೊರೆ ಎದ್ದು ಅಲೆ ಒಡೀತಿದೆ, ನಡುವೆ ಒಂದು ಪಟ್ಟಿ ಮಾತ್ರ ಸುಮ್ಮನೆ ಇದೆ, ನೀರಿನ ಬಣ್ಣವೂ ಗಾಢ. ಶಾಂತವಾಗಿದೆ ಅಂತ ಜನ ಅಲ್ಲೇ ಇಳೀತಾರೆ. ದಡಕ್ಕೆ ಬಂದ ನೀರು ವಾಪಸ್ ಕಡಲಿಗೆ ಓಡೋ ದಾರಿ ಅದು. ಸಿಕ್ಕಿಹಾಕಿಕೊಂಡ್ರೆ ದಡದ ಕಡೆಗೆ ಎದುರೀಜು ಹೊಡೀಬೇಡಿ, ಸುಸ್ತಾಗೋದೇ ಅದರಿಂದ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಎಳೆತ ತಪ್ಪಿದ ಮೇಲೆ ಅಲೆ ಜೊತೆ ದಡಕ್ಕೆ ಬನ್ನಿ. ಈಜೋಕೆ ಆಗ್ತಿಲ್ಲ ಅಂದ್ರೆ ತೇಲಿಕೊಂಡು ಕೈ ಎತ್ತಿ. ಇಬ್ಬರಲ್ಲಿ ಒಬ್ಬರು ಯಾವಾಗಲೂ ದಡದಲ್ಲಿರಿ. ಬ್ಯಾಗ್ ಕಾಯೋಕೂ ಆಯ್ತು, ಲೈಫ್‌ಗಾರ್ಡ್‌ನ ಕೂಗೋಕೂ ಆಯ್ತು. ಕೆಂಪು ಬಾವುಟ ಇದ್ರೆ ಮೊಣಕಾಲು ಮಟ್ಟಕ್ಕೂ ಬೇಡ.

ಮರುದಿನ ಚೆಕ್-ಔಟ್ ಬೆಳಿಗ್ಗೆ ಹತ್ತೋ ಹನ್ನೊಂದೋ, ಬೆಂಗಳೂರಿನ ರೈಲು ಸಂಜೆ. ಬ್ಯಾಗ್ ಕೌಂಟರಲ್ಲಿ ಬಿಡಿ, ಆದ್ರೆ ಒಣಬಟ್ಟೆ, ಟವೆಲ್ ಬೇರೆ ಚೀಲದಲ್ಲಿ ನಿಮ್ಮ ಹತ್ರ ಇರಲಿ. ಹೊರಡೋ ಮುಂಚೆ ಸ್ನಾನಕ್ಕೆ ಬಾತ್‌ರೂಮ್ ಬಿಡ್ತಾರಾ ಅಂತ ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ. ಸ್ಟೇಷನ್ನಿಗೆ ಆಟೋ ಕೂಡ ಬೆಳಿಗ್ಗೆಯೇ ಮಾತಾಡಿ, ಭಾನುವಾರ ಸಂಜೆ ಎಲ್ಲರೂ ಒಂದೇ ರೈಲಿಗೆ ಹೊರಟಿರ್ತಾರೆ.