ಎಡ್ಡಿ ರಾಬಿನ್ಸನ್: ಒಂದೇ ಕಾಲೇಜಿನಲ್ಲಿ 56 ವರ್ಷ

ವೇದಿಕೆಯ ಮೇಲಿರುವ ಹಿರಿಯರಿಗೂ ಸಭೆಯಲ್ಲಿ ಸೇರಿರುವ ಎಲ್ಲರಿಗೂ ನಮಸ್ಕಾರ.

ಅಮೆರಿಕದ ಲೂಯಿಸಿಯಾನ ರಾಜ್ಯದ ಉತ್ತರ ಭಾಗದಲ್ಲಿ ಗ್ರ್ಯಾಂಬ್ಲಿಂಗ್ ಎಂಬ ಸಣ್ಣ ಊರಿದೆ. 1941ರಲ್ಲಿ 22 ವರ್ಷದ ಯುವಕರೊಬ್ಬರು ಅಲ್ಲಿನ ಕಾಲೇಜಿಗೆ ಫುಟ್‌ಬಾಲ್ ಕೋಚ್ ಆಗಿ ಬಂದರು. 1997ರಲ್ಲಿ ನಿವೃತ್ತರಾಗುವ ತನಕ ಬೇರೆ ಯಾವ ಕಾಲೇಜಿಗೂ ಹೋಗಲಿಲ್ಲ. ಅವರ ಹೆಸರು ಎಡ್ಡಿ ರಾಬಿನ್ಸನ್. ಅವರ ತಂಡಗಳು ಗೆದ್ದ ಪಂದ್ಯಗಳು 408, ಸೋತವು 165, ಸಮನಾದವು 15. ಅವರ ಬಗ್ಗೆ ಮಾತನಾಡುವವರೆಲ್ಲ ಈ 408ರಿಂದಲೇ ಶುರುಮಾಡುತ್ತಾರೆ, ನಾನೂ ಹಾಗೆಯೇ ಮಾಡಿದ್ದೇನೆ. ಆದರೆ ಆ ಸಂಖ್ಯೆಗಿಂತ ದೊಡ್ಡದಾದ ಕೆಲಸವೊಂದನ್ನು ಅವರು ಮಾಡಿದರು ಎಂಬುದು ನನ್ನ ಅಭಿಪ್ರಾಯ. ಈ ಆಟದಲ್ಲಿ ಯಾವ ಜಾಗದಲ್ಲಿ ಯಾರು ಆಡಬಹುದು ಎಂಬ ಅಲಿಖಿತ ಕಟ್ಟಳೆಯನ್ನು ಅವರು ಒಬ್ಬೊಬ್ಬ ಆಟಗಾರನನ್ನು ತಯಾರು ಮಾಡುತ್ತಲೇ ಸಡಿಲಿಸಿದರು. ಆ ಕೆಲಸ ಕೈಗೂಡಿದಷ್ಟೂ ಅವರದೇ ತಂಡ ಬಡವಾಗುತ್ತ ಹೋಯಿತು.

ಅಮೆರಿಕನ್ ಫುಟ್‌ಬಾಲ್ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಎರಡೂ ಕಡೆ ತಲಾ 11 ಮಂದಿ. ಚೆಂಡು ಹಿಡಿದ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶ, ಪ್ರತಿಯೊಂದು ಅವಕಾಶ ಮುಗಿದ ಕೂಡಲೇ ಆಟ ನಿಲ್ಲುತ್ತದೆ, ಮುಂದಿನ ಚಾಲನೆಗೆ ಹೊಸ ಯೋಜನೆ ಹೊರಡುತ್ತದೆ. ಹೀಗೆ ನಿಂತು ನಿಂತು ಸಾಗುವ ಆಟವಾದ್ದರಿಂದ ಗೆರೆಯ ಆಚೆ ನಿಂತ ಕೋಚ್ ಪಂದ್ಯದ ಉದ್ದಕ್ಕೂ ಆಟದೊಳಗೇ ಇರುತ್ತಾನೆ. ಮೈದಾನದಲ್ಲಿ ಅವನ ಯೋಜನೆಯನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್: ಚೆಂಡು ಮೊದಲು ಬರುವುದು ಅವನ ಕೈಗೆ, ಎದುರಾಳಿಗಳ ನಿಲುವನ್ನು ಕ್ಷಣಮಾತ್ರದಲ್ಲಿ ಓದಿಕೊಂಡು ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕು ಎಂದು ತೀರ್ಮಾನಿಸುವವನೂ ಅವನೇ. ಕಪ್ಪು ಆಟಗಾರರು ಓಡಬಹುದು, ಹಿಡಿಯಬಹುದು, ಅಡ್ಡಗಟ್ಟಿ ಕೆಡವಬಹುದು, ಆದರೆ ಈ ಜಾಗಕ್ಕೆ ಬೇಕಾದ ಬುದ್ಧಿಯೂ ನಾಯಕತ್ವವೂ ಅವರಲ್ಲಿಲ್ಲ ಎಂಬ ನಂಬಿಕೆ ವೃತ್ತಿಪರ ತಂಡಗಳಲ್ಲಿ ದಶಕಗಳ ಕಾಲ ಬೇರೂರಿತ್ತು. ಇದನ್ನು ಯಾರೂ ನಿಯಮವಾಗಿ ಬರೆದಿಡಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ.

ರಾಬಿನ್ಸನ್ ಹುಟ್ಟಿದ್ದು 1919ರ ಫೆಬ್ರವರಿ 13ರಂದು, ಲೂಯಿಸಿಯಾನದ ಜಾಕ್ಸನ್ ಎಂಬ ಊರಿನಲ್ಲಿ. ತಂದೆ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದವರು, ತಾಯಿ ಮನೆಗೆಲಸದವರು. ಬೆಳೆದದ್ದು ರಾಜ್ಯದ ರಾಜಧಾನಿ ಬ್ಯಾಟನ್ ರೂಜ್‌ನಲ್ಲಿ. ಆ ನಗರದಲ್ಲೇ ಇರುವ ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿಯ ತಂಡ ದೇಶದಲ್ಲೆಲ್ಲ ಹೆಸರು ಮಾಡಿತ್ತು, ಆದರೆ ಅದು ಬಿಳಿಯರ ವಿಶ್ವವಿದ್ಯಾಲಯ. ಆದ್ದರಿಂದ ಮೆಕಿನ್ಲಿ ಹೈಸ್ಕೂಲಿನಲ್ಲಿ ಆಡಿ, ಕಪ್ಪು ವಿದ್ಯಾರ್ಥಿಗಳಿಗಾಗಿದ್ದ ಲೀಲ್ಯಾಂಡ್ ಕಾಲೇಜಿನಲ್ಲಿ ಪದವಿ ಪಡೆದು ಹೊರಬಂದಾಗ, ಕೋಚ್ ಆಗಬೇಕೆಂಬ ಆಸೆ ಹೊತ್ತ ಈ ಪದವೀಧರನಿಗೆ ಸಿಕ್ಕಿದ್ದು ಮೇವಿನ ಗಿರಣಿಯಲ್ಲಿ ಗಂಟೆಗೆ 25 ಸೆಂಟ್ ಕೂಲಿಯ ಕೆಲಸ.

ಗ್ರ್ಯಾಂಬ್ಲಿಂಗ್ ಆಗಿನ್ನೂ ಆ ಹೆಸರಿನ ಕಾಲೇಜಾಗಿರಲಿಲ್ಲ. ನೀಗ್ರೋ ಶಿಕ್ಷಕರ ತರಬೇತಿ ಮತ್ತು ಕೈಗಾರಿಕಾ ಶಾಲೆ ಎಂಬರ್ಥದ ಉದ್ದ ಹೆಸರೊಂದು ಅದಕ್ಕಿತ್ತು. ಅಧ್ಯಕ್ಷರಾಗಿದ್ದ ರಾಲ್ಫ್ ವಾಲ್ಡೋ ಎಮರ್ಸನ್ ಜೋನ್ಸ್ ಕಾಲೇಜಿನ ಬೇಸ್‌ಬಾಲ್ ತಂಡಕ್ಕೂ ತಾವೇ ಕೋಚ್. ಅವರು ರಾಬಿನ್ಸನ್‌ಗೆ ಕೊಟ್ಟ ಸಂಬಳ ತಿಂಗಳಿಗೆ 63 ಡಾಲರ್ 75 ಸೆಂಟ್. ಆ ಸಂಬಳಕ್ಕೆ ಫುಟ್‌ಬಾಲ್ ಕಲಿಸುವುದಷ್ಟೇ ಕೆಲಸವಾಗಿರಲಿಲ್ಲ. ಮೈದಾನದ ಹುಲ್ಲು ಕತ್ತರಿಸುವುದು, ಸುಣ್ಣದ ಗೆರೆ ಎಳೆಯುವುದು, ಆಟಗಾರರ ಕಾಲಿಗೆ ಪಟ್ಟಿ ಸುತ್ತುವುದು, ಪಂದ್ಯ ಮುಗಿದ ಮೇಲೆ ಪತ್ರಿಕೆಗಳಿಗೆ ವರದಿ ಬರೆದು ಕಳಿಸುವುದು ಎಲ್ಲವೂ ಅವರದೇ. ಹೊರ ಊರಿಗೆ ಪಂದ್ಯಕ್ಕೆ ಹೊರಟರೆ ದಾರಿಯ ಹೋಟೆಲುಗಳಲ್ಲಿ ಕಪ್ಪು ಹುಡುಗರನ್ನು ಕೂರಿಸಿ ಬಡಿಸುವವರಿರಲಿಲ್ಲ. ಹಾಗಾಗಿ ಸ್ಯಾಂಡ್‌ವಿಚ್ ಮಾಡಿ ಕಟ್ಟಿಕೊಳ್ಳುವುದೂ ಕೋಚ್‌ನ ಪಾಲಿಗೆ ಬಂತು. ಪಂಕ್ತಿಭೇದವನ್ನು ಕಂಡ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ವರ್ಷ ಮೂರು ಪಂದ್ಯ ಗೆದ್ದು ಐದು ಸೋತರು. ಎರಡನೆಯ ವರ್ಷ, ಅಂದರೆ 1942ರಲ್ಲಿ, ಆಡಿದ ಒಂಬತ್ತೂ ಪಂದ್ಯಗಳನ್ನು ಗೆದ್ದರು, ಅಷ್ಟೇ ಅಲ್ಲದೆ ಆ ಒಂಬತ್ತರಲ್ಲಿ ಎದುರಾಳಿಗೆ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ. ಆ ಕಾಲದ ಒಂದು ಪ್ರಸಂಗವನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಹತ್ತಿ ಬಿಡಿಸುವ ಕಾಲ ಬಂದು, ತಂಡದಲ್ಲಿದ್ದ ಇಬ್ಬರು ಅಣ್ಣತಮ್ಮಂದಿರನ್ನು ಅವರ ತಂದೆ ಹೊಲಕ್ಕೆ ಕರೆಸಿಕೊಂಡರು. ರಾಬಿನ್ಸನ್ ವಾದಕ್ಕೆ ಹೋಗಲಿಲ್ಲ. ಇಡೀ ತಂಡವನ್ನು ಆ ಹೊಲಕ್ಕೆ ಇಳಿಸಿ, ಹತ್ತಿ ಬಿಡಿಸಿ ಮುಗಿಸಿ, ಹುಡುಗರನ್ನು ಪಂದ್ಯಕ್ಕೆ ಕರೆದುಕೊಂಡು ಬಂದರು. ಅವರ ಸ್ವಭಾವ ಇದರಲ್ಲಿ ಪೂರ್ತಿ ಕಾಣುತ್ತದೆ ಎಂದು ನನಗನ್ನಿಸುತ್ತದೆ. ಎದುರಿಗಿರುವ ವ್ಯವಸ್ಥೆಯ ಜೊತೆ ಜಗಳಕ್ಕೆ ನಿಲ್ಲುವುದಕ್ಕಿಂತ, ಅದು ಕೇಳುವ ಬೆಲೆಯನ್ನು ತೆತ್ತು ತಮಗೆ ಬೇಕಾದದ್ದನ್ನು ಪಡೆಯುವ ಜಾಯಮಾನ ಅವರದು. ಯುದ್ಧದ ಕಾರಣ 1943 ಮತ್ತು 1944ರಲ್ಲಿ ಕಾಲೇಜಿಗೆ ತಂಡವೇ ಇರಲಿಲ್ಲ. ಆಗ ಊರಿನ ಹೈಸ್ಕೂಲ್ ಹುಡುಗರಿಗೆ ಆಟ ಕಲಿಸಿದರು.

ಅವರ ದಿನಚರಿಯ ಬಗ್ಗೆ ಶಿಷ್ಯರು ಹೇಳುವುದೆಲ್ಲ ಗಂಟೆಯೊಂದರ ಸದ್ದಿನಿಂದ ಶುರುವಾಗುತ್ತದೆ. ಹಸುವಿನ ಕೊರಳಿಗೆ ಕಟ್ಟುವಂಥ ಗಂಟೆಯನ್ನು ಹಿಡಿದು, ನಸುಕಿನಲ್ಲೇ ಹಾಸ್ಟೆಲಿನ ಕೋಣೆ ಕೋಣೆಯ ಮುಂದೆ ಬಾರಿಸುತ್ತ ಅವರು ಆಟಗಾರರನ್ನು ಎಬ್ಬಿಸುತ್ತಿದ್ದರು. ಎಬ್ಬಿಸುತ್ತಿದ್ದದ್ದು ಅಭ್ಯಾಸಕ್ಕಲ್ಲ, ತರಗತಿಗೆ. ಕೋಟು, ಟೈ, ಊಟದ ಮೇಜಿನ ರೀತಿನೀತಿ ಇವನ್ನೂ ಅವರೇ ಕಲಿಸುತ್ತಿದ್ದರು. ಮೈದಾನದಲ್ಲಿ ಅವರದು ಪುನರಾವರ್ತನೆಯ ಪಾಠ. ಒಂದು ಚಾಲನೆಯಲ್ಲಿ ಒಬ್ಬನ ಹೆಜ್ಜೆ ತಪ್ಪಿದರೂ ಎಲ್ಲರೂ ಮತ್ತೆ ಮೊದಲಿನಿಂದ ಮಾಡಬೇಕು; ಕತ್ತಲಾದರೂ ಸರಿಯೇ, ಸರಿಬರುವ ತನಕ ಬಿಡುಗಡೆಯಿಲ್ಲ.

ಈ ಶಿಸ್ತಿನ ಮೊದಲ ದೊಡ್ಡ ಫಲ ಪಾಲ್ ಯಂಗರ್. ಮೈಕಟ್ಟಿನಿಂದಾಗಿ ಜನ ಅವರನ್ನು ಟ್ಯಾಂಕ್ ಎಂದೇ ಕರೆಯುತ್ತಿದ್ದರು. 1949ರಲ್ಲಿ ಅವರು ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಸೇರಿದಾಗ, ಕಪ್ಪು ವಿದ್ಯಾರ್ಥಿಗಳ ಕಾಲೇಜುಗಳಿಂದ ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗ್‌ಗೆ ಹೋದ ಮೊದಲ ಆಟಗಾರ ಎನಿಸಿಕೊಂಡರು. ನೀನು ಅಲ್ಲಿ ನಿಲ್ಲದೆ ವಾಪಸಾದರೆ, ನಿಮ್ಮಲ್ಲಿ ಇದ್ದವರಲ್ಲೇ ಶ್ರೇಷ್ಠನನ್ನು ನೋಡಿಯಾಯಿತು ಎಂದು ಹೇಳಿ ಬಾಗಿಲು ಮುಚ್ಚುತ್ತಾರೆ ಎಂಬ ಎಚ್ಚರಿಕೆಯೊಂದಿಗೆ ರಾಬಿನ್ಸನ್ ಅವರನ್ನು ಕಳಿಸಿದ್ದರು. ಯಂಗರ್ ಹತ್ತು ವರ್ಷ ಆಡಿದರು. ಅವರ ಹಿಂದೆ ವಿಲ್ಲಿ ಡೇವಿಸ್, ಬಕ್ ಬುಕಾನನ್, ವಿಲ್ಲಿ ಬ್ರೌನ್, ಚಾರ್ಲಿ ಜಾಯ್ನರ್ ಹೋದರು. ಈ ನಾಲ್ವರ ಹೆಸರೂ ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್‌ನಲ್ಲಿದೆ. ಒಟ್ಟು 200ಕ್ಕೂ ಹೆಚ್ಚು ಶಿಷ್ಯರು ವೃತ್ತಿಪರರಾದರು.

ಆದರೆ ಹೋದವರೆಲ್ಲ ಓಡುವವರು, ಹಿಡಿಯುವವರು, ಕೆಡವುವವರು. ಇಷ್ಟೆಲ್ಲ ಆಟಗಾರರನ್ನು ಕೊಟ್ಟ ನೀವು ಒಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ಕೊಡಬಲ್ಲಿರಾ ಎಂದು ಟಿವಿ ನಿರೂಪಕ ಹೊವರ್ಡ್ ಕೊಸೆಲ್ ಒಮ್ಮೆ ಕೇಳಿದ ಪ್ರಶ್ನೆ ತಮ್ಮನ್ನು ಕಾಡಿತು ಎಂದು ರಾಬಿನ್ಸನ್ ಹೇಳಿಕೊಂಡಿದ್ದಾರೆ. ಉತ್ತರವಾಗಿ ಅವರು ಆರಿಸಿಕೊಂಡದ್ದು ಹತ್ತಿರದ ಮನ್ರೋ ನಗರದ ಜೇಮ್ಸ್ ಹ್ಯಾರಿಸ್ ಎಂಬ ಹುಡುಗನನ್ನು. ವೃತ್ತಿಪರ ತಂಡಗಳು ಬಯಸುವ ರೀತಿಯಲ್ಲೇ ಎಸೆತವನ್ನು ಕಲಿಸಿ, ಎದುರಾಳಿಯ ರಕ್ಷಣೆಯನ್ನು ಓದುವುದನ್ನು ಕಲಿಸಿ, ಆ ಹುಡುಗನನ್ನು ನಾಲ್ಕು ವರ್ಷ ತಿದ್ದಿದರು. ಇನ್ನೊಂದು ಪಾಠವನ್ನೂ ಹೇಳಿದರು: ಬೇರೆ ಜಾಗದಲ್ಲಿ ಆಡು ಎಂದು ಯಾರೇ ಹೇಳಿದರೂ ಒಪ್ಪಬೇಡ, ಹಾಗೆಯೇ, ಕೈಬಿಟ್ಟರೆ ಕಪ್ಪು ಬಣ್ಣವೇ ಕಾರಣ ಎಂದು ಹೇಳುತ್ತ ಮರಳಿ ಬರಬೇಡ. ಈ ಎರಡನೆಯ ಮಾತು ಕಠೋರವೆನಿಸಬಹುದು, ಏಕೆಂದರೆ ಬಣ್ಣವೇ ಕಾರಣವಾಗುವ ಸಂಭವ ಎಷ್ಟೆಂದು ಹೇಳಿದವರಿಗೂ ಕೇಳಿದವರಿಗೂ ಗೊತ್ತಿತ್ತು. ಹ್ಯಾರಿಸ್ ವೃತ್ತಿಪರರಾಗುವ ಒಂದು ವರ್ಷ ಮೊದಲು, 1968ರಲ್ಲಿ, ಕಪ್ಪು ಆಟಗಾರ ಮಾರ್ಲಿನ್ ಬ್ರಿಸ್ಕೋ ಡೆನ್ವರ್ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ ಚೆನ್ನಾಗಿಯೇ ಆಡಿದ್ದರು. ಮರುವರ್ಷ ಬಫಲೋ ತಂಡದಲ್ಲಿ ಅವರಿಗೆ ಸಿಕ್ಕಿದ್ದು ಚೆಂಡು ಹಿಡಿಯುವವನ ಜಾಗ. ಹ್ಯಾರಿಸ್ ಅವರನ್ನು 1969ರಲ್ಲಿ ಅದೇ ಬಫಲೋ ತಂಡ, ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯ ಎಂಟನೆಯ ಸುತ್ತಿನಲ್ಲಿ ಆಯ್ದುಕೊಂಡಿತು. ಆ ಋತುವಿನ ಮೊದಲ ಪಂದ್ಯವನ್ನೇ ಅವರು ಕ್ವಾರ್ಟರ್‌ಬ್ಯಾಕ್ ಆಗಿ ಆರಂಭಿಸಿದರು. ವೃತ್ತಿಪರ ಫುಟ್‌ಬಾಲಿನಲ್ಲಿ ಋತುವಿನ ಮೊದಲ ಪಂದ್ಯವನ್ನು ಕಪ್ಪು ಆಟಗಾರರೊಬ್ಬರು ಆ ಜಾಗದಿಂದ ಆರಂಭಿಸಿದ್ದು ಅದೇ ಮೊದಲು.

ಹ್ಯಾರಿಸ್ ತೆರೆದ ದಾರಿಯಲ್ಲಿ ಡಗ್ ವಿಲಿಯಮ್ಸ್ ಬಂದರು. 1978ರಲ್ಲಿ ಟ್ಯಾಂಪಾ ಬೇ ತಂಡ ಅವರನ್ನು ಮೊದಲ ಸುತ್ತಿನಲ್ಲೇ ಆಯ್ದುಕೊಂಡಿತು. ಹತ್ತು ವರ್ಷಗಳ ನಂತರ, 1988ರ ಜನವರಿ 31ರಂದು, ವಾಷಿಂಗ್ಟನ್ ತಂಡದ ಪರವಾಗಿ, ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಆರಂಭಿಸಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವರಾದರು. ಡೆನ್ವರ್ 10 ಅಂಕಗಳ ಮುನ್ನಡೆ ಪಡೆದಿತ್ತು. ಎರಡನೆಯ ಕಾಲುಭಾಗದಲ್ಲಿ ವಿಲಿಯಮ್ಸ್ ನಾಲ್ಕು ಟಚ್‌ಡೌನ್ ಎಸೆತಗಳನ್ನು, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆಯಾಚೆ ತಲುಪಿಸಿ ಅಂಕ ತಂದ ಎಸೆತಗಳನ್ನು ಎಸೆದರು, ಆ 15 ನಿಮಿಷದ ಆಟದಲ್ಲಿ ವಾಷಿಂಗ್ಟನ್ 35 ಅಂಕ ಗಳಿಸಿತು, ಪಂದ್ಯ 42–10ರಲ್ಲಿ ಮುಗಿಯಿತು, ಪಂದ್ಯಶ್ರೇಷ್ಠ ಪ್ರಶಸ್ತಿಯೂ ವಿಲಿಯಮ್ಸ್ ಅವರಿಗೇ ಬಂತು. ಬುದ್ಧಿ ಸಾಲದು ಎಂಬ ವಾದಕ್ಕೆ ಅಲ್ಲಿಂದ ಮುಂದೆ ಬಹಿರಂಗವಾಗಿ ತಲೆಯೆತ್ತುವುದು ಕಷ್ಟವಾಯಿತು.

ಈ ನಡುವೆ ಗ್ರ್ಯಾಂಬ್ಲಿಂಗ್ ತಂಡವೇ ಒಂದು ದೊಡ್ಡ ಆಕರ್ಷಣೆಯಾಗಿತ್ತು. ಪ್ರಚಾರದ ಹೊಣೆ ಹೊತ್ತಿದ್ದ ಕಾಲಿ ನಿಕಲ್ಸನ್ ಅವರ ಚಾತುರ್ಯ ಇದರಲ್ಲಿ ಬಹಳ ಇದೆ. 1968ರಲ್ಲಿ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಮೋರ್ಗನ್ ಸ್ಟೇಟ್ ವಿರುದ್ಧ ಆಡಿದಾಗ 60 ಸಾವಿರಕ್ಕೂ ಹೆಚ್ಚು ಜನ ಸೇರಿದರು. ಗ್ರ್ಯಾಂಬ್ಲಿಂಗ್ 9–7ರಲ್ಲಿ ಸೋತಿತು. 1974ರಿಂದ ನ್ಯೂ ಆರ್ಲಿಯನ್ಸ್‌ನಲ್ಲಿ ಸದರ್ನ್ ಯೂನಿವರ್ಸಿಟಿಯ ಜೊತೆ ಬೈಯೂ ಕ್ಲಾಸಿಕ್ ಎಂಬ ವಾರ್ಷಿಕ ಪಂದ್ಯ ನಡೆಯತೊಡಗಿತು. ಈ ವೈಭವವನ್ನು ಎಲ್ಲರೂ ಮೆಚ್ಚಲಿಲ್ಲ. ಕಾಲೇಜು ಓದಿಗಿಂತ ಆಟಕ್ಕೇ ಹೆಚ್ಚು ಗಮನ ಕೊಡುತ್ತಿದೆ ಎಂದು 1967ರಲ್ಲಿ ಅಲ್ಲಿನ ವಿದ್ಯಾರ್ಥಿಗಳೇ ತರಗತಿ ಬಹಿಷ್ಕರಿಸಿದ್ದರು. ಬೀದಿಗಿಳಿದು ಹೋರಾಡುವ ಪೀಳಿಗೆಗೆ, ಅಮೆರಿಕದ ಮೇಲೆ ಅಚಲವಾದ ನಂಬಿಕೆ ಇಟ್ಟು ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ ರಾಬಿನ್ಸನ್ ಹಳೆಯ ಕಾಲದವರಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಆ ಟೀಕೆಯಲ್ಲಿ ಹುರುಳಿತ್ತು. ಹಾಗೆಂದು ಹ್ಯಾರಿಸ್ ಮತ್ತು ವಿಲಿಯಮ್ಸ್ ಮುರಿದ ಗೋಡೆಯನ್ನು ಬೀದಿಯ ಹೋರಾಟವೊಂದೇ ಮುರಿಯುತ್ತಿತ್ತೆಂದೂ ನಾನು ನಂಬುವುದಿಲ್ಲ.

1985ರ ಅಕ್ಟೋಬರ್ 5ರಂದು ಡಲ್ಲಾಸ್‌ನ ಕಾಟನ್ ಬೌಲ್‌ನಲ್ಲಿ ಪ್ರೇರಿ ವ್ಯೂ ತಂಡವನ್ನು 27–7ರಿಂದ ಸೋಲಿಸಿದಾಗ ಅದು ರಾಬಿನ್ಸನ್ ಅವರ 324ನೆಯ ಗೆಲುವು. ಅಲಬಾಮಾ ವಿಶ್ವವಿದ್ಯಾಲಯದ ಪ್ರಸಿದ್ಧ ಕೋಚ್ ಪಾಲ್ ಬ್ರಯಂಟ್ ಅವರ 323ರ ದಾಖಲೆ ಮುರಿಯಿತು. ಸಣ್ಣ ಕಾಲೇಜುಗಳ ವಿರುದ್ಧ ಗೆದ್ದ ಪಂದ್ಯಗಳನ್ನು ಬ್ರಯಂಟ್ ಅವರ ಗೆಲುವುಗಳ ಪಕ್ಕದಲ್ಲಿ ಇಡಬಹುದೇ ಎಂಬ ಪ್ರಶ್ನೆ ಆಗ ಎದ್ದಿತು, ಈಗಲೂ ಏಳುತ್ತದೆ. ನ್ಯಾಯವಾದ ಪ್ರಶ್ನೆಯೇ, ಆದರೆ ಅರ್ಧ ಪ್ರಶ್ನೆ. ಅಲಬಾಮಾ ತಂಡದಲ್ಲಿ ಮೊದಲ ಕಪ್ಪು ಆಟಗಾರ ಕಣಕ್ಕಿಳಿದದ್ದು 1971ರಲ್ಲಿ. ಅದುವರೆಗೆ ಆ ಎರಡು ತಂಡಗಳನ್ನು ಎದುರುಬದುರು ನಿಲ್ಲಿಸಿ ನೋಡುವ ದಾರಿಯನ್ನು ಮುಚ್ಚಿಟ್ಟವರು ಯಾರು ಎಂಬುದನ್ನೂ ಕೇಳಬೇಕಲ್ಲವೇ?

1970ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ಯುಎಸ್‌ಸಿ (ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ) ತಂಡ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಲಬಾಮಾವನ್ನು 42–21ರಿಂದ ಸೋಲಿಸಿತು. ಅದರ ಕಪ್ಪು ಆಟಗಾರ ಸ್ಯಾಮ್ ಕನಿಂಗ್‌ಹ್ಯಾಮ್ ಅಂದು ಆಡಿದ ಆಟದ ನೆನಪು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇನ್ನೂ ಮಾಸಿಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳೆಲ್ಲ ಕಪ್ಪು ಆಟಗಾರರನ್ನು ಹುಡುಕಿಕೊಂಡು ಹೊರಟವು. ಭವ್ಯ ಕ್ರೀಡಾಂಗಣ, ಟಿವಿ ಪ್ರಸಾರ, ಸುಸಜ್ಜಿತ ವ್ಯಾಯಾಮಶಾಲೆ ತೋರಿಸಿ ಕರೆಯುವಾಗ, ಬುಕಾನನ್‌ನಂಥ ಇನ್ನೊಬ್ಬ ಹುಡುಗ ಗ್ರ್ಯಾಂಬ್ಲಿಂಗ್‌ಗೇ ಬರಲು ಕಾರಣ ಉಳಿಯಲಿಲ್ಲ. ರಾಬಿನ್ಸನ್ ಇದನ್ನು ಅನ್ಯಾಯ ಎನ್ನುವಂತಿರಲಿಲ್ಲ. ಕಪ್ಪು ಆಟಗಾರರು ಎಲ್ಲಿ ಬೇಕಾದರೂ ಆಡಬಲ್ಲರು ಎಂದು ಸಾಧಿಸಿ ತೋರಿಸಿದವರೇ ಅವರು. 1995ರಲ್ಲಿ 400ನೆಯ ಗೆಲುವು ಬಂತು, ಆದರೆ ಆ ವರ್ಷವೂ ಮುಂದಿನ ಎರಡು ವರ್ಷವೂ ಗೆಲುವಿಗಿಂತ ಸೋಲೇ ಹೆಚ್ಚು. ನಿಯಮ ಉಲ್ಲಂಘನೆಯ ತನಿಖೆಯೂ ಕಾಲೇಜನ್ನು ಮುತ್ತಿತು. 1996ರ ಕೊನೆಗೇ ಅವರನ್ನು ಬಿಡಿಸುವ ಮಾತು ಎದ್ದು, ಜನರ ಒತ್ತಾಯದಿಂದ ಇನ್ನೊಂದು ಋತು ಸಿಕ್ಕಿತು. 1997ರ ನವೆಂಬರ್‌ನಲ್ಲಿ, ಕೊನೆಯ ಪಂದ್ಯದಲ್ಲಿ, ಸದರ್ನ್ ವಿರುದ್ಧ 30–7ರಿಂದ ಸೋತರು. ಒಂದೆರಡು ವರ್ಷ ಮೊದಲೇ ಬಿಟ್ಟಿದ್ದರೆ ಚೆನ್ನಾಗಿತ್ತು ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ.

2007ರ ಏಪ್ರಿಲ್ 3ರಂದು, ಆಲ್‌ಝೈಮರ್ಸ್ ಕಾಯಿಲೆಯೊಡನೆ ಕೆಲವು ವರ್ಷ ಕಳೆದ ಬಳಿಕ, ರಾಬಿನ್ಸನ್ ತೀರಿಕೊಂಡರು. ಅಷ್ಟರಲ್ಲಿ ಅವರ 408ರ ದಾಖಲೆಯನ್ನು ಮಿನೆಸೋಟದ ಸೇಂಟ್ ಜಾನ್ಸ್ ಕಾಲೇಜಿನ ಜಾನ್ ಗಾಲ್ಯಾರ್ಡಿ 2003ರಲ್ಲೇ ದಾಟಿದ್ದರು. 2011ರಲ್ಲಿ ಪೆನ್ ಸ್ಟೇಟ್‌ನ ಜೋ ಪಟರ್ನೋ ಕೂಡ ದಾಟಿದರು. ಅವರ ಮಾಜಿ ಸಹಾಯಕ ಕೋಚ್ ಒಬ್ಬರು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯದ ಹಗರಣದ ನಂತರ 2012ರಲ್ಲಿ ಪಟರ್ನೋ ಅವರ 111 ಗೆಲುವುಗಳನ್ನು ಅಳಿಸಿ, 2015ರಲ್ಲಿ ಮತ್ತೆ ಸೇರಿಸಲಾಯಿತು.

ಶಿಷ್ಯರ ವಿಷಯಕ್ಕೆ ಬಂದರೆ, ಗುರು ಬಿಟ್ಟ ಜಾಗಕ್ಕೆ 1998ರಲ್ಲಿ ಡಗ್ ವಿಲಿಯಮ್ಸ್ ಅವರೇ ಕೋಚ್ ಆಗಿ ಬಂದರು. ಜೇಮ್ಸ್ ಹ್ಯಾರಿಸ್ ತಂಡಗಳ ಆಡಳಿತದ ಕಡೆ ಹೊರಳಿ, 2003ರಲ್ಲಿ ಜಾಕ್ಸನ್‌ವಿಲ್ ಜಾಗ್ವಾರ್ಸ್ ತಂಡದಲ್ಲಿ ಆಟಗಾರರ ಆಯ್ಕೆಯ ಹೊಣೆ ಹೊತ್ತರು. ಆ ವರ್ಷ ಜಾಕ್ಸನ್‌ವಿಲ್ ಮೊದಲ ಸುತ್ತಿನಲ್ಲಿ ಆಯ್ದುಕೊಂಡದ್ದು ಬೈರನ್ ಲೆಫ್ಟ್‌ವಿಚ್ ಎಂಬ ಕಪ್ಪು ಆಟಗಾರನನ್ನು, ಅದೂ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ.